ರೈಲು ನಿಲ್ಲಿಸಿದ ಗಾಳಿ: ಜಾರ್ಜ್ ವೆಸ್ಟಿಂಗ್‌ಹೌಸ್ ಅವರ ಬದುಕು

ನಾವು ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನ ನಾಲ್ಕು ಜನ. ಇಬ್ಬರು ನಂಜನಗೂಡಿನವರು, ಇಬ್ಬರು ತಿ. ನರಸೀಪುರದವರು. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಒತ್ತಕ್ಷರ ಎಲ್ಲಾದರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಈ ಲೇಖನ ಬರೆಯೋಕೆ ಕಾರಣ ಒಂದು ಪುಟ್ಟ ಪಂಪು. ನಮ್ಮ ಸೀನಿಯರ್‌ಗಳು ಅರ್ಧಕ್ಕೆ ಬಿಟ್ಟುಹೋದ 5 ಇಂಚ್ ಗೇಜ್‌ನ ಮಾಡೆಲ್ ಸ್ಟೀಮ್ ಎಂಜಿನ್ ಒಂದು ವರ್ಕ್‌ಶಾಪ್‌ನ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು. ಚಕ್ರ, ಫ್ರೇಮ್ ಎಲ್ಲಾ ಇತ್ತು, ಬ್ರೇಕ್ ಇರಲಿಲ್ಲ. ಬ್ರೇಕಿಗೆ ಗಾಳಿ ಬೇಕು, ಗಾಳಿಗೆ ಪಂಪು ಬೇಕು. ಅದನ್ನ ನಾವೇ ಲೇತ್‌ನಲ್ಲಿ ಮಾಡ್ತೀವಿ ಅಂತ ಒಪ್ಪಿಕೊಂಡುಬಿಟ್ವಿ. ಮೂರು ಸಲ ಸೋತ್ವಿ. ಸೋತಾಗ, ಇದನ್ನ ಮೊದಲು ಮಾಡಿದ ಪುಣ್ಯಾತ್ಮ ಯಾರು ಅಂತ ಹುಡುಕಿದ್ವಿ. ಹಾಗೆ ಸಿಕ್ಕವರು ಜಾರ್ಜ್ ವೆಸ್ಟಿಂಗ್‌ಹೌಸ್.

ಹೆಸರು ಕೇಳಿರ್ತೀರ. ಫ್ಯಾನು, ಟಿವಿ, ಫ್ರಿಡ್ಜ್ ಮೇಲೆ ನೋಡಿರ್ತೀರ. ಅದು ಒಬ್ಬ ಮನುಷ್ಯನ ಹೆಸರು ಅಂತ ನಮಗೂ ಗೊತ್ತಿರಲಿಲ್ಲ.

ಅಪ್ಪನ ಕಾರ್ಖಾನೆಯ ಹುಡುಗ

ವೆಸ್ಟಿಂಗ್‌ಹೌಸ್ ಹುಟ್ಟಿದ್ದು 1846ರ ಅಕ್ಟೋಬರ್ 6ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಬ್ರಿಜ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಒಕ್ಕಣೆ ಯಂತ್ರದಂಥ ಬೇಸಾಯದ ಸಲಕರಣೆ ಮಾಡೋರು. ಆಮೇಲೆ ಸಂಸಾರ ಸ್ಕೆನೆಕ್ಟಡಿ ಊರಿಗೆ ಬಂತು, ಕಾರ್ಖಾನೆಯೂ ಅಲ್ಲೇ ಆಯ್ತು. ಹುಡುಗ ಶಾಲೆಗಿಂತ ಹೆಚ್ಚು ಬೆಳೆದದ್ದು ಆ ಕಾರ್ಖಾನೆಯಲ್ಲಿ, ಲೇತು ಮತ್ತು ಬೆಲ್ಟುಗಳ ನಡುವೆ.

ಹದಿಹರೆಯದಲ್ಲೇ ಅಮೆರಿಕದ ಅಂತರ್ಯುದ್ಧಕ್ಕೆ ಹೋದರು. ಮೊದಲು ಸೈನ್ಯದಲ್ಲಿದ್ದರು, ಆಮೇಲೆ ನೌಕಾಪಡೆಯಲ್ಲಿ ಹಡಗಿನ ಸ್ಟೀಮ್ ಎಂಜಿನ್ ನೋಡಿಕೊಳ್ಳೋ ಕೆಲಸ. ಅದೇ ಯುದ್ಧದಲ್ಲಿ ಅಣ್ಣ ಆಲ್ಬರ್ಟ್ ತೀರಿಕೊಂಡರು. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಯೂನಿಯನ್ ಕಾಲೇಜಿಗೆ ಸೇರಿದರು, ಕೆಲವೇ ತಿಂಗಳಲ್ಲಿ ಬಿಟ್ಟರು. ಅದೇ 1865ರಲ್ಲಿ ರೋಟರಿ ಸ್ಟೀಮ್ ಎಂಜಿನ್ ಒಂದಕ್ಕೆ ಮೊದಲ ಪೇಟೆಂಟ್ ಪಡೆದರು. ಆಗ ವಯಸ್ಸು 19.

ಇದನ್ನ ಓದಿದ ದಿನ ನಮ್ಮಲ್ಲೊಬ್ಬ ಪುಸ್ತಕ ಮುಚ್ಚಿ, ಸುಮ್ಮನೆ ಕೂತ. ಅವನಿಗೂ 19. ಮ್ಯಾಥ್ಸ್‌ನಲ್ಲಿ ಎರಡು ಬ್ಯಾಕ್ ಇತ್ತು, ಈ ಸೆಮ್ ಆದ ಮೇಲೆ ಕಾಲೇಜು ಬಿಟ್ಟುಬಿಡ್ತೀನಿ ಅಂತ ನಮಗೆ ಮಾತ್ರ ಹೇಳಿಕೊಂಡಿದ್ದ. ಇಷ್ಟು ದೊಡ್ಡ ಮನುಷ್ಯರೇ ಬಿಟ್ಟಿದ್ದಾರೆ ಅನ್ನೋದು ಅವನಿಗೆ ಸಿಕ್ಕ ಹೊಸ ಸಾಕ್ಷಿ. ನಾವು ಏನೂ ಹೇಳಲಿಲ್ಲ. ಹೇಳೋಕೆ ಆಗ ಏನೂ ಹೊಳೆಯಲಿಲ್ಲ ಅನ್ನೋದೇ ನಿಜ.

ಎದುರು ಬದುರು ಬಂದ ಎರಡು ರೈಲು

1866ರಲ್ಲಿ ವೆಸ್ಟಿಂಗ್‌ಹೌಸ್ ಸ್ಕೆನೆಕ್ಟಡಿ ಮತ್ತು ಟ್ರಾಯ್ ಊರುಗಳ ನಡುವೆ ರೈಲಿನಲ್ಲಿ ಹೋಗ್ತಿದ್ದಾಗ ದಾರಿ ಕಟ್ಟಿತ್ತು. ಮುಂದೆ ಎರಡು ಗೂಡ್ಸ್ ರೈಲು ಡಿಕ್ಕಿ ಹೊಡೆದುಕೊಂಡಿದ್ದವು. ಹಗಲು ಹೊತ್ತು, ನೇರವಾದ ಹಳಿ. ಇಬ್ಬರು ಡ್ರೈವರುಗಳಿಗೂ ಎದುರಿನ ರೈಲು ಕಂಡಿತ್ತು. ಆದರೂ ನಿಲ್ಲಿಸೋಕೆ ಆಗಲಿಲ್ಲ.

ಯಾಕೆ ಅಂದ್ರೆ ಆಗಿನ ಬ್ರೇಕ್ ಕೈಯಲ್ಲಿ ತಿರುಗಿಸೋದು. ಡ್ರೈವರ್ ಸೀಟಿ ಊದಬೇಕು. ಬ್ರೇಕ್‌ಮನ್‌ಗಳು ಬೋಗಿಯ ನೆತ್ತಿ ಮೇಲೆ ಓಡ್ತಾ, ಒಂದು ಬೋಗಿಯಿಂದ ಇನ್ನೊಂದಕ್ಕೆ ಹಾರ್ತಾ, ಒಂದೊಂದೇ ಬೋಗಿಯ ಚಕ್ರ ತಿರುಗಿಸಿ ಬ್ರೇಕ್ ಬಿಗಿಯಬೇಕು. ಮಳೆ, ಹಿಮ, ರಾತ್ರಿ ಏನಿದ್ದರೂ ಅಷ್ಟೇ. ಬಿದ್ದು ಸತ್ತವರಿಗೆ ಲೆಕ್ಕವಿಲ್ಲ. ಓಡಿಸೋ ಶಕ್ತಿ ಎಂಜಿನ್‌ನಲ್ಲಿ ಬೆಳೆದಿತ್ತು, ನಿಲ್ಲಿಸೋ ಶಕ್ತಿ ಮಾತ್ರ ಮನುಷ್ಯನ ತೋಳಿನಲ್ಲೇ ಉಳಿದಿತ್ತು.

ಬ್ರೇಕ್ ಹಾಕೋ ಅಧಿಕಾರ ಡ್ರೈವರ್ ಕೈಗೇ ಬರಬೇಕು ಅಂತ ವೆಸ್ಟಿಂಗ್‌ಹೌಸ್ ಯೋಚಿಸಿದರು. ಮೊದಲು ಬೋಗಿಗಳ ಕೆಳಗೆ ಸರಪಳಿ ಎಳೆಯೋ ಉಪಾಯ. ಸರಪಳಿ ಉದ್ದ ಆದಷ್ಟೂ ಕೆಲಸ ಕೆಡ್ತು. ಆಮೇಲೆ ಎಂಜಿನ್‌ನ ಸ್ಟೀಮನ್ನೇ ಪೈಪಿನಲ್ಲಿ ಕಳಿಸೋದು. ಆದರೆ ಉದ್ದದ ತಣ್ಣನೆ ಪೈಪಿನಲ್ಲಿ ಹೋಗ್ತಾ ಹೋಗ್ತಾ ಸ್ಟೀಮ್ ನೀರಾಗಿಬಿಡುತ್ತೆ, ಕೊನೇ ಬೋಗಿಗೆ ಒತ್ತಡವೇ ಸಿಗೋದಿಲ್ಲ. ಥರ್ಮೋಡೈನಾಮಿಕ್ಸ್‌ನಲ್ಲಿ ನಾವು ಕಂಡೆನ್ಸೇಶನ್ ಅಂತ ಓದೋದು ಇದನ್ನೇ.

ಉತ್ತರ ಸಿಕ್ಕಿದ್ದು ಒಂದು ಪತ್ರಿಕೆಯಲ್ಲಿ. ಫ್ರಾನ್ಸ್ ಮತ್ತು ಇಟಲಿ ನಡುವೆ ಆಲ್ಪ್ಸ್ ಬೆಟ್ಟದ ಕೆಳಗೆ ಮಾಂಟ್ ಸೆನಿಸ್ ಸುರಂಗ ಕೊರೀತಿದ್ರು. ಬಂಡೆ ಕೊರೆಯೋ ಯಂತ್ರಗಳಿಗೆ ಒತ್ತಿದ ಗಾಳಿಯನ್ನ ಪೈಪಿನಲ್ಲಿ ಬಹಳ ದೂರ ಒಳಗೆ ಕಳಿಸ್ತಿದ್ರು. ಗಾಳಿ ತಣ್ಣಗಾದರೂ ಗಾಳಿಯೇ, ನೀರಾಗಲ್ಲ. ಅಷ್ಟು ದೂರ ಹೋಗಿ ಬಂಡೆ ಕೊರೆಯೋ ಗಾಳಿಗೆ ರೈಲಿನ ಬ್ರೇಕ್ ಒತ್ತೋದು ದೊಡ್ಡ ಕೆಲಸವೇ?

ಪಂಪಿನ ಹೊಟ್ಟೆಯೊಳಗೆ

ಗಾಳಿ ಒತ್ತೋಕೆ ಎಂಜಿನ್ ಪಕ್ಕದಲ್ಲಿ ನೆಟ್ಟಗೆ ನಿಂತ ಒಂದು ಪಂಪು. ಮೇಲೆ ಸ್ಟೀಮ್ ಸಿಲಿಂಡರು, ಕೆಳಗೆ ಗಾಳಿ ಸಿಲಿಂಡರು. ಎರಡು ಪಿಸ್ಟನ್ನಿಗೂ ಒಂದೇ ರಾಡ್. ಬಾಯ್ಲರ್‌ನ ಸ್ಟೀಮ್ ಮೇಲಿನ ಪಿಸ್ಟನ್ನನ್ನ ಹತ್ತಿಸಿ ಇಳಿಸುತ್ತೆ, ಕೆಳಗಿನದು ಗಾಳಿ ಒತ್ತಿ ಟ್ಯಾಂಕಿಗೆ ತುಂಬುತ್ತೆ. ಇದರಲ್ಲಿ ಫ್ಲೈವೀಲ್ ಇಲ್ಲ, ಕ್ರ್ಯಾಂಕ್ ಇಲ್ಲ. ತುದಿಗೆ ಬಂದ ಪಿಸ್ಟನ್ ವಾಪಸ್ ಹೋಗಬೇಕು ಅಂತ ಯಾರು ಹೇಳ್ತಾರೆ? ಪಿಸ್ಟನ್ ರಾಡಿನ ಒಳಗೇ ಒಂದು ಸಣ್ಣ ತೂತು, ಅದರಲ್ಲಿ ಇನ್ನೊಂದು ತೆಳ್ಳನೆ ಕಡ್ಡಿ. ಪಿಸ್ಟನ್ ತುದಿಗೆ ಬಂದಾಗ ಆ ಕಡ್ಡಿಯನ್ನ ತಳ್ಳುತ್ತೆ ಅಥವಾ ಎಳೆಯುತ್ತೆ. ಕಡ್ಡಿ ಚಿಕ್ಕ ವಾಲ್ವ್ ಒಂದನ್ನ ಸರಿಸುತ್ತೆ, ಚಿಕ್ಕ ವಾಲ್ವ್ ಸ್ಟೀಮ್ ಕಳಿಸಿ ದೊಡ್ಡ ವಾಲ್ವನ್ನ ಸರಿಸುತ್ತೆ. ಕಂಪನಿ ಮುಂದೆ ಮಾಡಿದ ಪ್ರಸಿದ್ಧ ಪಂಪಿನ ಸಿಲಿಂಡರ್ ವ್ಯಾಸ ಒಂಬತ್ತೂವರೆ ಇಂಚು, ಅಂದ್ರೆ 241 ಮಿಲಿಮೀಟರ್. ನಮ್ಮದು 20 ಮಿಲಿಮೀಟರ್.

ಚಿಕ್ಕದು ಸುಲಭ ಅಂದ್ಕೊಂಡಿದ್ವಿ. 5 ಮಿಲಿಮೀಟರ್ ಸ್ಟೇನ್‌ಲೆಸ್ ರಾಡಿನ ನಟ್ಟನಡುವೆ ಎರಡೂವರೆ ಮಿಲಿಮೀಟರ್ ತೂತು, 40 ಮಿಲಿಮೀಟರ್ ಆಳ. ಡ್ರಿಲ್ ಬಿಟ್ ಒಳಗೆ ಹೋಗ್ತಾ ಸೊಟ್ಟ ಆಗುತ್ತೆ. ಮೊದಲನೇ ರಾಡಿನಲ್ಲಿ ಬಿಟ್ ಪಕ್ಕದಿಂದ ಹೊರಗೇ ಬಂತು. ಎರಡನೆಯದರಲ್ಲಿ ಒಳಗೇ ಮುರೀತು. ಸ್ವಲ್ಪ ಕೊರೆದು, ಬಿಟ್ ಹೊರಗೆ ತೆಗೆದು, ಚೂರು ಬಳಿದು, ಎಣ್ಣೆ ಹಾಕಿ, ಮತ್ತೆ ಸ್ವಲ್ಪ ಕೊರೀಬೇಕು ಅಂತ ವರ್ಕ್‌ಶಾಪ್‌ನ ಸರ್ ತೋರಿಸಿಕೊಟ್ಟ ಮೇಲೆ ಸರಿಹೋಯ್ತು.

ಮೂರನೇ ಸಲ ಎಲ್ಲಾ ಜೋಡಿಸಿ ಕಂಪ್ರೆಸರ್ ಗಾಳಿ ಕೊಟ್ವಿ. ಒಂದು ಸಲ ಮೇಲೆ ಹೋಯ್ತು, ಒಂದು ಸಲ ಕೆಳಗೆ ಬಂತು, ನಿಂತುಹೋಯ್ತು. ತಟ್ಟಿದ್ರೆ ಮತ್ತೊಂದು ಸಲ. ತಟ್ಟದೆ ಇದ್ರೆ ಇಲ್ಲ. ಯಾಕೆ ಅಂತ ವಾರಗಟ್ಟಲೆ ಗೊತ್ತಾಗಲಿಲ್ಲ. ಆ ಕಥೆ ಕೊನೆಗೆ ಹೇಳ್ತೀವಿ.

ಪೇಟೆಂಟು, ಮತ್ತು ಒಂದು ದೊಡ್ಡ ತಪ್ಪು

ಏರ್ ಬ್ರೇಕ್ ಪೇಟೆಂಟ್ ಸಿಕ್ಕಿದ್ದು 1869ರ ಏಪ್ರಿಲ್ 13ರಂದು. ವೆಸ್ಟಿಂಗ್‌ಹೌಸ್ ಅವರಿಗೆ ಆಗ 22. ಹೊತ್ತಿಗೆ ಮದುವೆಯಾಗಿತ್ತು, ಪಿಟ್ಸ್‌ಬರ್ಗ್ ಊರಿಗೆ ಬಂದಿದ್ದರು. ಗಾಳಿ ಊದಿ ರೈಲು ನಿಲ್ಲಿಸ್ತೀನಿ ಅನ್ನೋ ಹುಡುಗನನ್ನ ರೈಲ್ವೆ ಕಂಪನಿಗಳ ದೊಡ್ಡವರು ನಂಬಲಿಲ್ಲ. ಪ್ಯಾನ್‌ಹ್ಯಾಂಡಲ್ ಅನ್ನೋ ಲೈನಿನವರು ಒಂದು ರೈಲು ಕೊಟ್ಟರು. ಪ್ರಯೋಗದ ಓಟದಲ್ಲೇ ಹಳಿ ಮೇಲೆ ಒಂದು ಕುದುರೆ ಗಾಡಿ ಅಡ್ಡ ಬಂತು, ಬ್ರೇಕ್ ಹಾಕಿದಾಗ ರೈಲು ಕೆಲವೇ ಅಡಿ ದೂರದಲ್ಲಿ ನಿಂತು ಗಾಡಿಯವನು ಉಳಿದ ಅಂತ ಕಥೆ ಇದೆ. 1869ರಲ್ಲೇ ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿ ಶುರುವಾಯ್ತು. ಆರ್ಡರುಗಳು ಬಂದವು.

ಸಿನಿಮಾ ಆಗಿದ್ರೆ ಇಲ್ಲಿಗೆ ಶುಭಂ. ನಮಗೆ ಅವರು ದೊಡ್ಡವರು ಅನ್ನಿಸಿದ್ದು ಇಲ್ಲಿಂದ ಮುಂದೆ.

ಆ ಮೊದಲ ಬ್ರೇಕಿನಲ್ಲಿ ಒಂದು ದೋಷ ಇತ್ತು. ಬ್ರೇಕ್ ಹಾಕಬೇಕು ಅಂದ್ರೆ ಡ್ರೈವರ್ ಪೈಪಿಗೆ ಗಾಳಿ ಬಿಡಬೇಕು. ಗಾಳಿ ಬಂದ್ರೆ ಬ್ರೇಕ್, ಗಾಳಿ ಇಲ್ಲದಿದ್ರೆ ಇಲ್ಲ. ಬೋಗಿಗಳ ನಡುವಿನ ರಬ್ಬರ್ ಹೋಸ್ ಒಂದು ಕಿತ್ತುಬಂದ್ರೆ? ಕೊಂಡಿ ಕಳಚಿ ಅರ್ಧ ರೈಲು ಹಿಂದಕ್ಕೆ ಜಾರಿದ್ರೆ? ಗಾಳಿ ಎಲ್ಲಾ ಹೊರಗೆ ಹೋಗುತ್ತೆ, ಬ್ರೇಕೇ ಇರಲ್ಲ. ಯಾವ ಹೊತ್ತಿನಲ್ಲಿ ಬ್ರೇಕ್ ಅತಿ ಹೆಚ್ಚು ಬೇಕೋ, ಆ ಹೊತ್ತಿಗೇ ಅದು ಕೈಕೊಡುತ್ತೆ.

ಮಾಲು ಚೆನ್ನಾಗಿ ಮಾರಾಟ ಆಗ್ತಿರುವಾಗ ಅದರ ತಪ್ಪನ್ನ ತಾವೇ ಹುಡುಕೋರು ಕಡಿಮೆ. ವೆಸ್ಟಿಂಗ್‌ಹೌಸ್ ಹುಡುಕಿದರು. 1872ರಲ್ಲಿ ಇಡೀ ಯೋಚನೆಯನ್ನ ತಿರುಗುಮುರುಗು ಮಾಡಿದರು. ಪ್ರತಿ ಬೋಗಿಗೂ ಅದರದೇ ಒಂದು ಗಾಳಿ ಟ್ಯಾಂಕು, ಜೊತೆಗೆ ಟ್ರಿಪಲ್ ವಾಲ್ವ್ ಅನ್ನೋ ಒಂದು ಪುಟ್ಟ ವಾಲ್ವು. ಪೈಪಿನಲ್ಲಿ ಯಾವಾಗಲೂ ಗಾಳಿ ತುಂಬಿರಬೇಕು. ಪೈಪಿನ ಒತ್ತಡ ಏರಿದಾಗ ವಾಲ್ವ್ ಟ್ಯಾಂಕ್ ತುಂಬಿಸಿ ಬ್ರೇಕ್ ಬಿಡಿಸುತ್ತೆ. ಒತ್ತಡ ಇಳಿದರೆ, ಬೋಗಿಯ ಟ್ಯಾಂಕಿನ ಗಾಳಿಯನ್ನ ಬ್ರೇಕ್ ಸಿಲಿಂಡರಿಗೆ ಬಿಡುತ್ತೆ. ಡ್ರೈವರ್ ಬೇಕಂತ ಗಾಳಿ ಬಿಟ್ಟರೂ ಬ್ರೇಕ್, ಹೋಸ್ ತಾನಾಗಿ ಹರಿದರೂ ಬ್ರೇಕ್. ಕೆಟ್ಟುಹೋದರೆ ರೈಲು ನಿಲ್ಲುತ್ತೆ, ಓಡಲ್ಲ.

ನಮ್ಮ ಮೈಸೂರು-ಚಾಮರಾಜನಗರ ರೈಲಿನಲ್ಲಿ ಕೂತಾಗ ಕಿಟಕಿ ಮೇಲೆ ಕೆಂಪು ಚೈನ್ ನೋಡಿರ್ತೀರ. ಅದನ್ನ ಎಳೆದರೆ ಆಗೋದು ಇದೇ, ಬ್ರೇಕ್ ಪೈಪಿನ ಗಾಳಿ ಸೋರುತ್ತೆ. ಈಗಿನ ನಮ್ಮ ಏರ್ ಬ್ರೇಕ್ ರೈಲುಗಳಲ್ಲಿ ಆ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕೆ.ಜಿ. ಅದು ಇಳಿಯಿತು ಅಂದ್ರೆ ರೈಲು ನಿಲ್ಲಬೇಕು.

ಇದು ಎಷ್ಟು ಮುಖ್ಯ ಅಂತ ಐರ್ಲೆಂಡಿನ ಅರ್ಮಾ ಊರಿನ ಜನಕ್ಕೆ ಗೊತ್ತಾಯ್ತು. 1889ರ ಜೂನ್ 12ರಂದು ಭಾನುವಾರದ ಶಾಲೆಯ ಮಕ್ಕಳು, ಮನೆಯವರು ತುಂಬಿದ ಪ್ರವಾಸದ ರೈಲು ಏರಿನಲ್ಲಿ ನಿಂತಿತು. ರೈಲನ್ನ ಎರಡು ಭಾಗ ಮಾಡಿದಾಗ ಹಿಂದಿನ ಬೋಗಿಗಳು ಕೆಳಕ್ಕೆ ಜಾರಿ, ಹಿಂದೆ ಬರ್ತಿದ್ದ ರೈಲಿಗೆ ಗುದ್ದಿದವು. ಸುಮಾರು 80 ಜನ ಸತ್ತರು. ಅದರಲ್ಲಿದ್ದದ್ದು ಬೇರೆ ಜಾತಿಯ ವ್ಯಾಕ್ಯೂಮ್ ಬ್ರೇಕ್, ಕೊಂಡಿ ಕಳಚಿದರೆ ತಾನಾಗಿ ಹಿಡಿಯೋದಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಪ್ರಯಾಣಿಕರ ರೈಲಿಗೆಲ್ಲಾ ತಾನಾಗಿ ಹಿಡಿಯೋ ಬ್ರೇಕ್ ಕಡ್ಡಾಯ ಅಂತ ಕಾನೂನು ಬಂತು.

ಐವತ್ತು ಬೋಗಿಯ ಪರೀಕ್ಷೆ

ವೆಸ್ಟಿಂಗ್‌ಹೌಸ್ ಇನ್ನೊಂದು ಸಲ ಫೇಲ್ ಆದರು, ಅದೂ ಎಲ್ಲರ ಮುಂದೆ. 1886 ಮತ್ತು 1887ರಲ್ಲಿ ಅಮೆರಿಕದ ಬರ್ಲಿಂಗ್ಟನ್ ಊರಿನ ಹತ್ತಿರ 50 ಬೋಗಿಯ ಗೂಡ್ಸ್ ರೈಲಿನಲ್ಲಿ ಬೇರೆ ಬೇರೆ ಬ್ರೇಕುಗಳ ಪರೀಕ್ಷೆ ನಡೆಯಿತು. ಅಷ್ಟು ಉದ್ದದ ಪೈಪಿನಲ್ಲಿ ಒತ್ತಡ ಇಳಿಯೋ ಸುದ್ದಿ ಹಿಂದಿನ ಬೋಗಿಗೆ ಮುಟ್ಟೋದು ತಡ. ಮುಂದಿನವು ನಿಂತವು, ಹಿಂದಿನವು ಓಡಿ ಬಂದು ಗುದ್ದಿದವು. ಕರೆಂಟಿನಿಂದ ವಾಲ್ವ್ ತೆರೆಯೋದೇ ದಾರಿ ಅಂತ ಕೆಲವರು ಅಂದರು. ವೆಸ್ಟಿಂಗ್‌ಹೌಸ್ ಟ್ರಿಪಲ್ ವಾಲ್ವನ್ನೇ ಮತ್ತೆ ಕೈಗೆತ್ತಿಕೊಂಡರು. ಪ್ರತಿ ಬೋಗಿಯ ವಾಲ್ವೂ ತನ್ನ ಹತ್ತಿರದ ಪೈಪಿನ ಗಾಳಿಯನ್ನ ತಾನೇ ಸ್ವಲ್ಪ ಬಿಟ್ಟರೆ, ಮುಂದಿನ ವಾಲ್ವಿಗೆ ಸುದ್ದಿ ಬೇಗ ಹೋಗುತ್ತೆ. ಜಾತ್ರೆಯಲ್ಲಿ ಮುಂದಿನವರು ಕೂಗಿದ್ದನ್ನ ಕೇಳಿ ಪಕ್ಕದವರೂ ಕೂಗಿದ ಹಾಗೆ. 1887 ಮುಗಿಯೋ ಹೊತ್ತಿಗೆ 50 ಬೋಗಿಯೂ ಗುದ್ದಾಟ ಇಲ್ಲದೆ ನಿಂತವು. 1893ರಲ್ಲಿ ಅಮೆರಿಕ ಸರ್ಕಾರ ಬ್ರೇಕ್ ಕಡ್ಡಾಯ ಮಾಡಿ ಕಾನೂನು ತಂದಿತು. ಬೋಗಿ ನೆತ್ತಿಯ ಮೇಲಿನ ಓಟ ಮೆಲ್ಲಗೆ ನಿಂತಿತು.

ನಮ್ಮೂರಿಗೂ ಅವರಿಗೂ

ನಂಜನಗೂಡಿಗೆ ಮೈಸೂರಿಂದ ರೈಲು ಬಂದದ್ದು 1891ರಲ್ಲಿ. 1735ರಲ್ಲಿ ಕಟ್ಟಿದ ಕಪಿಲೆ ಮೇಲಿನ ಹಳೇ ಸೇತುವೆ ಮೇಲೆ ರಸ್ತೆಯೂ ರೈಲೂ ಜೊತೆಗೆ ಹೋಗ್ತಿದ್ದವು. ಆದರೆ ಸ್ಟೀಮ್ ಕಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಇದ್ದದ್ದು ಬ್ರಿಟಿಷರು ತಂದ ವ್ಯಾಕ್ಯೂಮ್ ಬ್ರೇಕ್. ಗಾಳಿ ಒತ್ತೋದಲ್ಲ, ಹೀರೋದು. ಅದೂ ತಾನಾಗಿ ಹಿಡಿಯೋದೇ, ಆದರೆ ವಾತಾವರಣದ ಒತ್ತಡಕ್ಕಿಂತ ಹೆಚ್ಚು ಬಲ ಅದಕ್ಕೆ ಸಿಗಲ್ಲ. ಭಾರದ ರೈಲು ಬಂದ ಹಾಗೆ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ರೈಲ್ವೆಯೂ ಏರ್ ಬ್ರೇಕಿಗೆ ಬಂತು.

ತಿ. ನರಸೀಪುರಕ್ಕೆ ರೈಲೇ ಇಲ್ಲ, ಆ ಊರಿನ ನಮ್ಮಿಬ್ಬರಿಗೆ ಬಸ್ಸೇ ಗತಿ. ಆದರೆ ನದಿ ಇದೆ. ನಂಜನಗೂಡಿನ ಕಪಿಲೆ ಬಂದು ಕಾವೇರಿಗೆ ಸೇರೋದು ಅಲ್ಲೇ, ಸೇರಿದ ನೀರು ಮುಂದೆ ಶಿವನಸಮುದ್ರಕ್ಕೆ ಹೋಗುತ್ತೆ. ಇಲ್ಲಿ ವೆಸ್ಟಿಂಗ್‌ಹೌಸ್ ಅವರ ಎರಡನೇ ಕಥೆ ಬರುತ್ತೆ.

1886ರಲ್ಲಿ ಅವರು ಕರೆಂಟಿನ ಕಂಪನಿ ಶುರು ಮಾಡಿದರು. ಎಡಿಸನ್ ಕಡೆಯದು ಡಿಸಿ, ಇವರದು ಎಸಿ. 1888ರಲ್ಲಿ ನಿಕೋಲಾ ಟೆಸ್ಲಾ ಅವರ ಎಸಿ ಮೋಟಾರಿನ ಪೇಟೆಂಟುಗಳನ್ನ ತೆಗೆದುಕೊಂಡರು. 1893ರ ಚಿಕಾಗೋ ವಿಶ್ವಮೇಳಕ್ಕೆ ದೀಪ ಹಚ್ಚಿದರು. ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಆ ಮೇಳದ ಸಂದರ್ಭದಲ್ಲೇ. ನಯಾಗರಾ ಜಲಪಾತಕ್ಕೆ ಜನರೇಟರ್ ಕೊಟ್ಟರು, 1896ರಲ್ಲಿ ಅಲ್ಲಿಂದ ಬಫಲೋ ಪಟ್ಟಣಕ್ಕೆ ಕರೆಂಟ್ ಹೋಯ್ತು. ನೀರು ಬೀಳೋ ಕಡೆ ಕರೆಂಟ್ ಮಾಡಿ ದೂರದ ಊರಿಗೆ ಕಳಿಸಬಹುದು ಅಂತ ಜಗತ್ತು ನಂಬಿತು. ಆರೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಎಸಿ ಕರೆಂಟ್ ಹೋಯ್ತು. ಆ ಯಂತ್ರ ಕೊಟ್ಟದ್ದು ಮಾತ್ರ ವೆಸ್ಟಿಂಗ್‌ಹೌಸ್ ಅಲ್ಲ, ಅವರ ಎದುರಾಳಿ ಜನರಲ್ ಎಲೆಕ್ಟ್ರಿಕ್. ಎಡಿಸನ್ ಕಂಪನಿಯೇ ಸೇರಿ ಆದ ಕಂಪನಿ ಅದು, ಅದರ ದೊಡ್ಡ ಕಾರ್ಖಾನೆ ಇದ್ದದ್ದು ವೆಸ್ಟಿಂಗ್‌ಹೌಸ್ ಬೆಳೆದ ಸ್ಕೆನೆಕ್ಟಡಿಯಲ್ಲೇ. ಎದುರಾಳಿಗಳೂ ಕೊನೆಗೆ ಎಸಿ ದಾರಿಗೇ ಬಂದಿದ್ದರು.

ಕೊನೆಯ ವರ್ಷಗಳು ಸುಖದ್ದಲ್ಲ. 1907ರಲ್ಲಿ ಅಮೆರಿಕದ ಬ್ಯಾಂಕುಗಳು ಅಲ್ಲಾಡಿದಾಗ ಸಾಲದಲ್ಲಿದ್ದ ಅವರ ಕರೆಂಟಿನ ಕಂಪನಿ ಕೈ ತಪ್ಪಿತು. 1911ರ ಹೊತ್ತಿಗೆ ತಮ್ಮ ಹೆಸರಿನ ಆ ಕಂಪನಿಯಿಂದ ಪೂರ್ತಿ ಹೊರಗೆ. ಅದೇ 1911ರ ಸಾಲಿನ ಎಡಿಸನ್ ಮೆಡಲ್ ಅವರಿಗೆ ಸಿಕ್ಕಿತು, ವಿಧಿ ನೋಡಿ. 1914ರ ಮಾರ್ಚ್ 12ರಂದು, 67ನೇ ವಯಸ್ಸಿನಲ್ಲಿ ತೀರಿಕೊಂಡರು. 360ಕ್ಕೂ ಹೆಚ್ಚು ಪೇಟೆಂಟ್ ಅವರ ಹೆಸರಿನಲ್ಲಿತ್ತು. ಕಾರ್ಮಿಕರಿಗೆ ಶನಿವಾರ ಅರ್ಧ ದಿನ ರಜೆ ಕೊಟ್ಟ ಮೊದಲಿಗರಲ್ಲಿ ಒಬ್ಬರು ಅಂತಲೂ ನೆನೆಸಿಕೊಳ್ತಾರೆ. ಯುದ್ಧದಲ್ಲಿ ದುಡಿದವರಾದ್ದರಿಂದ ಆರ್ಲಿಂಗ್ಟನ್ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು.

ನಮ್ಮ ಪಂಪು

ಈಗ ನಮ್ಮ ನಿಂತುಹೋದ ಪಂಪಿಗೆ ಬರೋಣ. ಹಳೇ ಒಂಬತ್ತೂವರೆ ಇಂಚಿನ ಪಂಪಿನ ಚಿತ್ರವನ್ನ ಮತ್ತೆ ನೋಡಿದಾಗ ಕಂಡಿತು. ದೊಡ್ಡ ವಾಲ್ವಿನ ಎರಡು ತುದಿಯ ಪಿಸ್ಟನ್ನುಗಳು ಒಂದೇ ಅಳತೆ ಅಲ್ಲ, ಒಂದು ದಪ್ಪ, ಒಂದು ಸಣ್ಣ. ನಾವು ಸುಲಭ ಅಂತ ಎರಡನ್ನೂ ಒಂದೇ ಅಳತೆ ಮಾಡಿದ್ವಿ. ಎರಡು ಕಡೆ ಒತ್ತಡ ಸಮ ಆದಾಗ ನಮ್ಮ ವಾಲ್ವ್ ನಟ್ಟನಡುವೆ ನಿಂತು ಎರಡೂ ದಾರಿ ಮುಚ್ಚುತ್ತಿತ್ತು. ದಪ್ಪ-ಸಣ್ಣ ಇದ್ದರೆ ಒತ್ತಡ ಸಮ ಆದರೂ ತಳ್ಳೋ ಬಲ ಸಮ ಆಗಲ್ಲ, ನಡುವೆ ನಿಲ್ಲೋಕೆ ಜಾಗವೇ ಇಲ್ಲ.

ಇದನ್ನ ಕಂಡುಹಿಡಿದದ್ದು ಆ ಎರಡು ಬ್ಯಾಕ್ ಇರೋ ಹುಡುಗ. ಒತ್ತಡ ಗುಣಿಸು ವಿಸ್ತೀರ್ಣ ಅಂತ ಹಾಳೆ ಮೇಲೆ ಲೆಕ್ಕ ಹಾಕಿ ತೋರಿಸಿದ. ಆವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಮಗೆ ಹೇಳೋಕೆ ಮಾತು ಸಿಕ್ಕಿತು. ವೆಸ್ಟಿಂಗ್‌ಹೌಸ್ ಕಾಲೇಜು ಬಿಟ್ಟು ಹೋದದ್ದು ಬೀದಿಗಲ್ಲ, ಲೇತು ತುಂಬಿದ ಅಪ್ಪನ ಕಾರ್ಖಾನೆಗೆ. ನಮಗೆ ಇರೋ ಕಾರ್ಖಾನೆ ಈ ವರ್ಕ್‌ಶಾಪ್ ಒಂದೇ, ಇದನ್ನ ಬಿಟ್ಟು ಎಲ್ಲಿಗೆ ಹೋಗ್ತೀಯ ಅಂತ ಕೇಳಿದ್ವಿ. ಅವನು ಉತ್ತರ ಕೊಡಲಿಲ್ಲ. ಆದರೆ ಬ್ಯಾಕ್ ಪರೀಕ್ಷೆಗೆ ಫೀಸ್ ಕಟ್ಟಿದ್ದಾನೆ.

ನಾಲ್ಕನೇ ಪಂಪು ಓಡುತ್ತೆ. ಸ್ಟೀಮ್ ಇನ್ನೂ ಕೊಟ್ಟಿಲ್ಲ, ಬಾಯ್ಲರ್ ಟೆಸ್ಟ್ ಆಗೋ ತನಕ ಸರ್ ಒಪ್ಪಲ್ಲ, ಈಗ ಕಂಪ್ರೆಸರ್ ಗಾಳಿಯಲ್ಲೇ. ಟಕ್ ಟಕ್ ಅಂತ ಅದು ಬಡಿಯೋದನ್ನ ಕೇಳ್ತಾ ಊಟ ಮರೆತಿದ್ವಿ. ಮುಂದಿನ ಕೆಲಸ ಟ್ರಿಪಲ್ ವಾಲ್ವ್. ಅದು ಆದ ದಿನ ಎಂಜಿನ್ನನ್ನ ತಳ್ಳಿ ಓಡಿಸಿ, ಹೋಸನ್ನ ಬೇಕಂತಲೇ ಕತ್ತರಿಸ್ತೀವಿ. ಚಕ್ರ ತಾನಾಗಿ ಹಿಡಿದು ನಿಂತರೆ ನಾವು ಪಾಸ್. ನೋಡೋಕೆ ಎಲ್ಲರೂ ವರ್ಕ್‌ಶಾಪಿಗೆ ಬನ್ನಿ.

ಅಲ್ಲೀವರೆಗೆ, ನಂಜನಗೂಡು ಸ್ಟೇಷನ್ನಿನಲ್ಲಿ ರೈಲು ನಿಂತಾಗ ಬೋಗಿ ಕೆಳಗಿಂದ ಉಸ್ ಅನ್ನೋ ಸದ್ದು ಬಂದ್ರೆ, ಯಾರ ಉಸಿರು ಅದು ಅಂತ ಒಂದು ಸಲ ನೆನೆಸಿಕೊಳ್ಳಿ.